ನಿಂತಿರೋದಕ್ಕೆ ವೈರು, ಓಡಾಡೋದಕ್ಕೆ ವೈಫೈ

ಹೋದ ಸೆಮಿಸ್ಟರ್‌ನಲ್ಲಿ ಇಂಟರ್ನಲ್ಸ್ ಮುಗಿಸಿಕೊಂಡು ಒಂದು ಶುಕ್ರವಾರ ಬೆಳಿಗ್ಗೆ ತುಮಕೂರಿನ ಮನೆಗೆ ಹೋದೆ. ಬಾಗಿಲು ತೆಗೆದರೆ ಅಕ್ಕ ಮಹಡಿ ಮೆಟ್ಟಿಲ ಮೇಲೆ ಕೂತು, ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೀಟಿಂಗ್ ಮಾಡ್ತಿದ್ದಾಳೆ. ಮೇಲೆ ಅವಳ ರೂಮು, ಟೇಬಲ್ಲು, ಕುರ್ಚಿ ಎಲ್ಲ ಖಾಲಿ ಬಿದ್ದಿವೆ. ಹಾಲ್‌ನಲ್ಲಿ ಟಿವಿ ಆಫ್, ಅಜ್ಜಿಯ ಧಾರಾವಾಹಿ ಬಂದ್. ಅಪ್ಪನ ಮೊಬೈಲ್‌ನಲ್ಲೂ ವೈಫೈ ಆಫ್. "ಹನ್ನೊಂದಕ್ಕೆ ನಂಗೆ ಕಾಲ್ ಇದೆ, ಎಲ್ಲರೂ ನೆಟ್ ಬಿಡಿ" ಅಂತ ದಿನಾ ಬೆಳಿಗ್ಗೆ ಅನೌನ್ಸ್‌ಮೆಂಟ್ ಅಂತೆ. ಇಷ್ಟಾದರೂ ಐದು ನಿಮಿಷಕ್ಕೊಮ್ಮೆ ಅವಳ ಮುಖ ಫ್ರೀಜ್. "ಹಲೋ, ಕೇಳಿಸ್ತಿದೆಯಾ?" ಅನ್ನೋದೇ ಮೀಟಿಂಗು.

ನೋಡೋಕೆ ತಮಾಷೆ ಅನ್ನಿಸಿದರೂ ವಿಷಯ ಸೀರಿಯಸ್ ಆಗಿತ್ತು. ಅಕ್ಕ ಬಾಣಂತನಕ್ಕೆ ಅಂತ ತವರಿಗೆ ಬಂದವಳು. ಹೆರಿಗೆ ರಜೆ ಮುಗಿದ ಮೇಲೆ ಮೂರು ತಿಂಗಳು ಮನೆಯಿಂದಲೇ ಕೆಲಸ ಮಾಡಬಹುದು ಅಂತ ಆಫೀಸಿನವರು ಒಪ್ಪಿದ್ದರು. ಷರತ್ತು ಒಂದೇ, ಕನೆಕ್ಷನ್ ಸರಿ ಇರಬೇಕು. ಎರಡು ವಾರ ನೋಡಿದ ಮ್ಯಾನೇಜರ್ "ಇನ್ನೆರಡು ವಾರ ನೋಡೋಣ, ಆಗದಿದ್ರೆ ಆಫೀಸಿಗೇ ಬಂದುಬಿಡಿ" ಅಂದಿದ್ದರು. ಅಂದರೆ ಆರು ತಿಂಗಳ ಪಾಪುವನ್ನ ಕರೆದುಕೊಂಡು ಬೆಂಗಳೂರಿಗೆ ಹೋಗಬೇಕು. ಅಲ್ಲಿ ಭಾವನೂ ಬೆಳಿಗ್ಗೆ ಹೋದರೆ ರಾತ್ರಿ ಬರೋದು. ಪಾಪುಗೆ ಡೇ ಕೇರ್. ಅಮ್ಮ ಒಳಗೊಳಗೇ ಕಣ್ಣೀರು ಹಾಕ್ತಿದ್ದರು.

ಮನೆಯವರು ಸುಮ್ಮನೆ ಕೂತಿರಲಿಲ್ಲ. ಮೊದಲು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಜಗಳ ಆಡಿದರು. ಹುಡುಗನೊಬ್ಬ ಬಂದು, ಮೊಬೈಲ್‌ನಲ್ಲಿ ಸ್ಪೀಡ್ ತೋರಿಸಿ, "ನಮ್ಮ ಕಡೆಯಿಂದ ಕರೆಕ್ಟಾಗಿದೆ ಸಾರ್" ಅಂತ ಹೇಳಿ ಹೋದ. ಆಮೇಲೆ 100 ಎಂಬಿಪಿಎಸ್ ಇದ್ದ ಪ್ಲ್ಯಾನನ್ನ 300ಕ್ಕೆ ಏರಿಸಿದರು. ತಿಂಗಳಿಗೆ 300 ರೂಪಾಯಿ ಜಾಸ್ತಿ ಆಯ್ತು, ಉಪಯೋಗ ಸೊನ್ನೆ. ಕೊನೆಗೆ ಅಪ್ಪ ನನ್ನ ಕಡೆ ತಿರುಗಿ ಹೇಳಿದ ಮಾತು: "ಏನೋ, ಕಂಪ್ಯೂಟರ್ ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಇದನ್ನ ಸ್ವಲ್ಪ ನೋಡೋಕಾಗಲ್ವಾ?"

ನಿಜ ಹೇಳ್ತೀನಿ, ನನಗೆ ಆಗ್ತಿರಲಿಲ್ಲ. ಲಿಂಕ್ಡ್ ಲಿಸ್ಟ್ ರಿವರ್ಸ್ ಮಾಡು ಅಂದ್ರೆ ಬೋರ್ಡ್ ಮೇಲೆ ಬರೀತೀನಿ. ನೆಟ್‌ವರ್ಕ್ಸ್ ಸಬ್ಜೆಕ್ಟ್ ನಮಗೆ ಮುಂದಿನ ವರ್ಷ. ಅದನ್ನ ಓದಿರೋ ಸೀನಿಯರ್‌ಗಳನ್ನ ಕೇಳಿದೆ. ಓಎಸ್ಐ ಮಾಡೆಲ್‌ನ ಏಳು ಲೇಯರ್ ಹೆಸರು ಪಟಪಟ ಹೇಳಿದರು, ಆದರೆ ಮಹಡಿ ರೂಮಿಗೆ ನೆಟ್ ಯಾಕೆ ಬರಲ್ಲ ಅಂದ್ರೆ "ಎಕ್ಸ್‌ಟೆಂಡರ್ ಹಾಕು ಮಚ್ಚಾ" ಅಂದರು. ಅಲ್ಲಿಂದ ಶುರುವಾದ ಎರಡು ವಾರದ ಪರದಾಟದಲ್ಲಿ ನಾನು ಕಲಿತದ್ದು, ಮತ್ತು ಅದರಿಂದ ನನಗೆ ಬಂದಿರೋ ಒಂದು ಅಭಿಪ್ರಾಯ, ಇದೇ ಈ ಲೇಖನ.

ಅಭಿಪ್ರಾಯ ಇಷ್ಟೇ: ಮನೆಯಲ್ಲಿ ಒಂದೇ ಜಾಗದಲ್ಲಿ ನಿಂತಿರೋ ವಸ್ತುಗಳಿಗೆ ವೈರ್ ಎಳೆಯಬೇಕು. ವೈಫೈಯನ್ನ ಕೈಯಲ್ಲಿ ಹಿಡಿದು ಓಡಾಡೋ ವಸ್ತುಗಳಿಗೆ ಬಿಡಬೇಕು. ನಾವು ಎಲ್ಲವನ್ನೂ ಗಾಳಿಗೆ ಬಿಟ್ಟು, ಆಮೇಲೆ ಕಂಪನಿಯವರನ್ನ ಬೈತಾ, ದೊಡ್ಡ ಪ್ಲ್ಯಾನ್‌ಗೆ ದುಡ್ಡು ಸುರೀತಿದ್ದೀವಿ.

ಮೊದಲು ತಪ್ಪು ಎಲ್ಲಿದೆ ಅಂತ ಕಂಡುಹಿಡಿಯೋದು. ಇದಕ್ಕೆ ಯಾವ ಆ್ಯಪ್ಪೂ ಬೇಡ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು 'ಐಪಿಕಾನ್ಫಿಗ್' ಅಂತ ಹೊಡೆದರೆ 'ಡೀಫಾಲ್ಟ್ ಗೇಟ್‌ವೇ' ಅಂತ ಒಂದು ಅಡ್ರೆಸ್ ಕಾಣುತ್ತೆ. ನಮ್ಮ ಮನೆಯಲ್ಲಿ ಅದು 192.168.1.1. ಅದು ಬೇರೆ ಯಾರದೂ ಅಲ್ಲ, ನಮ್ಮ ಹಾಲ್‌ನಲ್ಲೇ ಕೂತಿರೋ ರೌಟರ್‌ದು. ಅದಕ್ಕೆ ಪಿಂಗ್ ಮಾಡಿ ಬಿಡಬೇಕು. ರೌಟರ್ ಪಕ್ಕ ಕೂತು ಮಾಡಿದಾಗ ಎರಡು, ಮೂರು ಮಿಲಿಸೆಕೆಂಡ್‌ನಲ್ಲಿ ಉತ್ತರ ಬಂತು. ಅಕ್ಕನ ರೂಮಿಗೆ ಹೋಗಿ ಮಾಡಿದರೆ 8, ಆಮೇಲೆ 150, ಆಮೇಲೆ 600, ಆಮೇಲೆ 'ರಿಕ್ವೆಸ್ಟ್ ಟೈಮ್ಡ್ ಔಟ್'. ಅಂದರೆ ಲ್ಯಾಪ್‌ಟಾಪ್ ಮನೆಯ ಹೊರಗೆ ಹೋಗೋದಿರಲಿ, ಕೆಳಗಿನ ಹಾಲ್ ತನಕವೇ ತಲುಪ್ತಾ ಇಲ್ಲ. ಎರಡು ತಿಂಗಳು ನಾವು ಯಾರನ್ನ ಬೈದೆವೋ ಆ ಹುಡುಗ ಹೇಳಿದ್ದು ಸರಿಯೇ ಆಗಿತ್ತು. ಇಂಟರ್ನೆಟ್ ಹಾಲ್‌ವರೆಗೆ ಸರಿಯಾಗೇ ಬರ್ತಿತ್ತು. ಹಾಲ್‌ನಿಂದ ರೂಮಿಗೆ ಹೋಗೋ ದಾರಿ ಕೆಟ್ಟಿತ್ತು, ಮತ್ತು ಆ ದಾರಿ ನಮ್ಮದು. 300ರ ಪ್ಲ್ಯಾನ್ ಹಾಕಿಸಿದ್ದು ಹೇಗಿತ್ತು ಅಂದ್ರೆ, ಮನೆಯೊಳಗಿನ ನಲ್ಲಿ ಕಟ್ಟಿಕೊಂಡಿರುವಾಗ ತಾರಸಿ ಮೇಲೆ ಇನ್ನೊಂದು ಟ್ಯಾಂಕ್ ಕೂರಿಸಿದ ಹಾಗೆ.

ದಾರಿ ಯಾಕೆ ಕೆಟ್ಟಿತ್ತು? ನಮ್ಮದು ಮೂವತ್ತು-ನಲವತ್ತು ಸೈಟಿನ ಮಾಮೂಲಿ ಎರಡಂತಸ್ತಿನ ಮನೆ. ರೌಟರ್ ಇರೋದು ಮುಂದಿನ ಹಾಲ್‌ನ ಶೋಕೇಸ್ ಒಳಗೆ, ಟಿವಿ ಹಿಂದೆ. ಅಕ್ಕನ ರೂಮು ಮೇಲೆ, ಹಿಂದುಗಡೆ. ಮಧ್ಯೆ ಕಬ್ಬಿಣದ ಸರಳು ತುಂಬಿದ ಮೋಲ್ಡ್, ಟೈಲ್ಸ್ ಹಾಕಿದ ಬಾತ್‌ರೂಮ್ ಗೋಡೆ, ಅದಕ್ಕೆ ಒರಗಿಸಿಟ್ಟ ಕಬ್ಬಿಣದ ಬೀರು. 5 ಗಿಗಾಹರ್ಟ್ಸ್ ಸಿಗ್ನಲ್‌ಗೆ ಸ್ಪೀಡ್ ಇದೆ, ಗೋಡೆ ದಾಟೋ ಶಕ್ತಿ ಕಡಿಮೆ. 2.4 ಗಿಗಾಹರ್ಟ್ಸ್ ಸ್ವಲ್ಪ ಜಾಸ್ತಿ ದೂರ ಹೋಗುತ್ತೆ, ಆದರೆ ಅಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಅಂತ ಇರೋದು ಸಾಮಾನ್ಯವಾಗಿ ಮೂರೇ: 1, 6 ಮತ್ತು 11. ನಮ್ಮ ರಸ್ತೆಯಲ್ಲಿ ಫೋನ್ ಹಿಡಿದು ನೋಡಿದರೆ ಹದಿನಾಲ್ಕು ವೈಫೈ ಹೆಸರು ಕಾಣುತ್ತೆ. ಹದಿನಾಲ್ಕು ಮನೆ, ಮೂರು ಚಾನೆಲ್. ಅದರ ಜೊತೆ ಬ್ಲೂಟೂತ್, ಮೈಕ್ರೋವೇವ್ ಓವನ್ ಕೂಡ ಅದೇ ಜಾಗದಲ್ಲಿ ಗಲಾಟೆ ಮಾಡುತ್ವೆ.

ಇನ್ನೊಂದು ಮುಖ್ಯ ವಿಷಯ ಇದೆ. ಒಂದು ಚಾನೆಲ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಕಾಲೇಜ್ ಫಂಕ್ಷನ್‌ನಲ್ಲಿ ಒಂದೇ ಮೈಕ್ ಇರುತ್ತಲ್ಲ, ಹಾಗೆ. ಪ್ರತಿಯೊಂದು ಡಿವೈಸೂ ಮೊದಲು ಕಿವಿಗೊಟ್ಟು ಕೇಳಿ, ಯಾರೂ ಮಾತಾಡ್ತಿಲ್ಲ ಅಂದರೆ ಮಾತ್ರ ಬಾಯಿ ತೆಗೆಯುತ್ತೆ. ಮೂಲೆಯಲ್ಲಿರೋ ಒಂದು ಹಳೇ ಫೋನು ಸಿಗ್ನಲ್ ಸಿಗದೆ ನಿಧಾನಕ್ಕೆ ತೊದಲ್ತಾ ಇದ್ದರೆ, ಅದು ಮುಗಿಸೋ ತನಕ ಉಳಿದವರೆಲ್ಲ ಕಾಯಬೇಕು. ಹಾಗಾಗಿ ವೀಡಿಯೊ ಕಾಲ್‌ಗೆ ಬೇಕಾಗಿರೋದು 300 ಎಂಬಿಪಿಎಸ್ ಅಲ್ಲವೇ ಅಲ್ಲ. ಅದಕ್ಕೆ ನಾಲ್ಕೈದು ಎಂಬಿಪಿಎಸ್ ಧಾರಾಳ ಸಾಕು. ಆದರೆ ಆ ನಾಲ್ಕೈದು ತಪ್ಪದೆ, ಟೈಮಿಗೆ ಸರಿಯಾಗಿ ಬರಬೇಕು. ವೈಫೈ ಸೋಲೋದು ಅಲ್ಲಿ.

ವೈರ್‌ನಲ್ಲಿ ಈ ಕಷ್ಟ ಇಲ್ಲ. ಕ್ಯಾಟ್-6 ಕೇಬಲ್ ಒಳಗೆ ನಾಲ್ಕು ಜೋಡಿ, ಒಟ್ಟು ಎಂಟು ತಾಮ್ರದ ತಂತಿ. ಜೋಡಿಗಳನ್ನ ಹಗ್ಗದ ಹಾಗೆ ಹೊಸೆದಿರೋದು ಹೊರಗಿನ ಗಲಾಟೆ ಒಳಗೆ ಬರದಿರಲಿ ಅಂತ. ಹೋಗೋದು ಬರೋದು ಎರಡೂ ಒಂದೇ ಸಲಕ್ಕೆ ನಡೆಯುತ್ತೆ, ಪಕ್ಕದ ಮನೆಯವರಿಗೆ ಕಾಯಬೇಕಿಲ್ಲ, ಗೋಡೆ ಲೆಕ್ಕಕ್ಕಿಲ್ಲ. ಅದಕ್ಕಿಂತ ಅಗ್ಗದ ಕ್ಯಾಟ್-5ಇ ಕೂಡ 100 ಮೀಟರ್ ದೂರಕ್ಕೆ ಸೆಕೆಂಡಿಗೆ ಒಂದು ಗಿಗಾಬಿಟ್ ಸಾಗಿಸುತ್ತೆ. ನಮ್ಮ ಯಾರ ಮನೆಯೂ 100 ಮೀಟರ್ ಉದ್ದ ಇಲ್ಲ.

"ವೈರ್ ಹಳೇ ಟೆಕ್ನಾಲಜಿ ಕಣೋ" ಅಂತ ರೂಮ್‌ಮೇಟ್ ನಕ್ಕ. ಅದಕ್ಕೇ ಸ್ವಲ್ಪ ಹುಡುಕಿದೆ. ತಮಾಷೆ ಏನಂದ್ರೆ ನಾವು ಮನೆಯಲ್ಲಿ ಎಳೆಯೋ ಈಥರ್ನೆಟ್‌ಗಿಂತ ಗಾಳಿಯಲ್ಲಿ ಹೋಗೋ ನೆಟ್‌ವರ್ಕೇ ಮೊದಲು ಬಂದಿದ್ದು. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಏಬ್ರಮ್ಸನ್ ಮತ್ತು ಅವರ ತಂಡ ದ್ವೀಪಗಳ ನಡುವೆ ರೇಡಿಯೊ ಮೂಲಕ ಕಂಪ್ಯೂಟರ್ ಜೋಡಿಸೋ ಅಲೋಹಾನೆಟ್ ಶುರು ಮಾಡಿದರು. ಎಲ್ಲರೂ ಒಂದೇ ಗಾಳಿಯಲ್ಲಿ ಮಾತಾಡೋದರಿಂದ ಮಾತಿಗೆ ಮಾತು ಡಿಕ್ಕಿ ಹೊಡೀತಿತ್ತು. ಅದನ್ನ ಓದಿದ ಬಾಬ್ ಮೆಟ್ಕಾಫ್ 1973ರಲ್ಲಿ ಝೆರಾಕ್ಸ್ ಕಂಪನಿಯ ರಿಸರ್ಚ್ ಸೆಂಟರ್‌ನಲ್ಲಿ ಅದೇ ಐಡಿಯಾವನ್ನ ಸುಧಾರಿಸಿ ಕೇಬಲ್ ಒಳಗೆ ತಂದರು. ಅದೇ ಈಥರ್ನೆಟ್. ಇವತ್ತಿನ ವೈಫೈಗೆ ಬೇರಾದ 802.11 ಸ್ಟ್ಯಾಂಡರ್ಡ್ ಬಂದಿದ್ದು 1997ರಲ್ಲಿ. ಎರಡೂ ಒಂದೇ ಮನೆತನದ್ದು, ಎರಡೂ ಇವತ್ತಿಗೂ ಬೆಳೀತಾ ಇವೆ. ನಮ್ಮ ಕಾಲೇಜಿನ ಸರ್ವರ್ ರೂಮಿಗೆ ಹೋಗಿ ನೋಡಿ, ಒಂದು ಸರ್ವರ್ ಆದರೂ ವೈಫೈಯಲ್ಲಿ ಓಡ್ತಿದೆಯಾ?

ಸರಿ, ವೈರ್ ಎಳೆಯಬೇಕು ಅಂತಾಯ್ತು. ಎಲ್ಲಿಂದ? ಗೋಡೆ ಒಡೆಯೋಕೆ ಅಪ್ಪ ಒಪ್ಪಲ್ಲ. ಹೊರಗಿನಿಂದ ತಂದರೆ ಮಂಗಗಳ ಕಾಟ. ಆಗ ಅಮ್ಮನಿಗೆ ನೆನಪಾಯ್ತು, ಮನೆ ಕಟ್ಟಿಸುವಾಗ ಡಿಶ್ ಕೇಬಲ್‌ಗೆ ಅಂತ ತಾರಸಿಯಿಂದ ಹಾಲ್‌ಗೆ ಗೋಡೆಯೊಳಗೆ ಒಂದು ಪೈಪ್ ಬಿಟ್ಟಿದ್ದಾರೆ, ಅದು ಮೇಲಿನ ರೂಮಿನ ಗೋಡೆಯಲ್ಲೂ ಒಂದು ಬಾಕ್ಸ್ ದಾಟಿ ಹೋಗುತ್ತೆ ಅಂತ. ಡಿಶ್ ಬಿಟ್ಟು ಎರಡು ವರ್ಷ ಆಗಿತ್ತು, ಕೇಬಲ್ ಮಾತ್ರ ಒಳಗೇ ಇತ್ತು. ಅದೇ ನಮಗೆ ಹಗ್ಗ ಆಯ್ತು. ಮೇಲಿನ ಬಾಕ್ಸ್‌ನಲ್ಲಿ ಡಿಶ್ ಕೇಬಲ್ ಕತ್ತರಿಸಿ, ಅದರ ತುದಿಗೆ ಹೊಸ ಕ್ಯಾಟ್-6 ಕಟ್ಟಿ, ಟೇಪ್ ಸುತ್ತಿ, ಕೆಳಗಿನಿಂದ ಅಪ್ಪ ಎಳೆದರು, ಮೇಲಿನಿಂದ ನಾನು ಬಿಟ್ಟೆ. ಮಧ್ಯೆ ಸಿಕ್ಕಿಹಾಕಿಕೊಂಡಾಗ ಕೇಬಲ್‌ಗೆ ಪಾಪುವಿನ ಪೌಡರ್ ಸವರಿದೆವು, ಜಾರಿಕೊಂಡು ಹೋಯ್ತು. ಕರೆಂಟ್ ವೈರ್ ಇರೋ ಪೈಪ್‌ನಲ್ಲಿ ಮಾತ್ರ ಇದನ್ನ ಯಾವತ್ತೂ ಎಳೆಯಬೇಡಿ. ಡೇಟಾ ಕೇಬಲ್‌ಗೆ ಬೇರೆ ಪೈಪೇ ಆಗಬೇಕು, ಅದು ಸೇಫ್ಟಿ ಪ್ರಶ್ನೆ.

ಕೇಬಲ್ ತುದಿಗೆ ಆರ್‌ಜೆ-45 ಕನೆಕ್ಟರ್ ಒತ್ತೋದನ್ನ ನನಗೆ ಕಲಿಸಿದ್ದು ಯಾವ ಯೂಟ್ಯೂಬ್ ಚಾನೆಲ್ಲೂ ಅಲ್ಲ, ನಮ್ಮ ಲ್ಯಾಬ್‌ನ ಅಟೆಂಡರ್ ಅಣ್ಣ. ಆ ವಾರ ಲ್ಯಾಬ್ ಮುಗಿದ ಮೇಲೆ ಅವರ ಹತ್ರ ಹೋಗಿ ಕೂತೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಈ ಬಣ್ಣದ ಸಾಲನ್ನ ಅವರು ಮಗ್ಗಿ ಹೇಳೋ ಹಾಗೆ ಹೇಳ್ತಾರೆ. ಮನೆಗೆ ಬಂದು ನಾನೇ ಒತ್ತಿದೆ, ಲೈಟ್ ಉರಿಯಿತು, ಖುಷಿಯೋ ಖುಷಿ. ಸ್ಪೀಡ್ ನೋಡಿದರೆ 94ಕ್ಕೆ ನಿಂತಿದೆ. ಅಣ್ಣನಿಗೆ ಫೋನ್ ಮಾಡಿದೆ. "ಎಂಟರಲ್ಲಿ ನಾಲ್ಕು ಕೂತ್ರೂ ಲೈಟ್ ಉರಿಯುತ್ತೆ ಕಣಪ್ಪಾ, ಲೈಟ್ ನಂಬಬೇಡ. ನೀಲಿ ಜೋಡಿ ನೋಡು" ಅಂದರು. ಹೌದು, ನೀಲಿ ತಂತಿ ಪೂರ್ತಿ ಒಳಗೆ ಹೋಗಿರಲಿಲ್ಲ. 100 ಎಂಬಿಪಿಎಸ್‌ಗೆ 1, 2, 3, 6ನೇ ತಂತಿ ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು. ಕತ್ತರಿಸಿ ಮತ್ತೆ ಒತ್ತಿದೆ, ಸರಿಹೋಯ್ತು. ಇಂಥ ವಿದ್ಯೆ ನಮ್ಮ ಕ್ಯಾಂಪಸ್‌ನಲ್ಲೇ ಇದೆ. ಆದರೆ ನಾವು ಅವರನ್ನ "ಅಣ್ಣಾ, ಪ್ರೊಜೆಕ್ಟರ್ ಆನ್ ಮಾಡಿ" ಅನ್ನೋದಕ್ಕೆ ಮಾತ್ರ ಮಾತಾಡಿಸ್ತೀವಿ.

ಎರಡನೇ ತಪ್ಪು ಇನ್ನೂ ದೊಡ್ಡದು. ಮೇಲೆ ಫೋನ್‌ಗಳಿಗೂ ಸಿಗ್ನಲ್ ಬೇಕಲ್ಲ ಅಂತ ಒಂದು ಚಿಕ್ಕ ರೌಟರ್ ತಂದು ಕೇಬಲ್‌ನ ಆ ತುದಿಗೆ ಹಾಕಿದೆ. ಅಕ್ಕನ ಲ್ಯಾಪ್‌ಟಾಪ್‌ನಲ್ಲಿ ಲ್ಯಾನ್ ಪೋರ್ಟ್ ಇರಲಿಲ್ಲ. ಯುಎಸ್‌ಬಿಯಿಂದ ಲ್ಯಾನ್ ಮಾಡೋ ಒಂದು ಚಿಕ್ಕ ಅಡಾಪ್ಟರ್ ತಂದು ಅದನ್ನೂ ಆ ರೌಟರ್‌ಗೇ ಜೋಡಿಸಿದೆ. ನೆಟ್ ಬಂತು. ಆದರೆ ಅಕ್ಕ ಕೆಳಗಿನ ಪ್ರಿಂಟರ್‌ಗೆ ಪ್ರಿಂಟ್ ಕೊಟ್ಟರೆ "ಪ್ರಿಂಟರ್ ಸಿಕ್ಕಿಲ್ಲ" ಅನ್ನುತ್ತೆ. ಅಡ್ರೆಸ್ ನೋಡಿದೆ. ಕೆಳಗಿನವರದ್ದೆಲ್ಲ 192.168.1ರಿಂದ ಶುರು, ಮೇಲಿನವರದ್ದು 192.168.0ರಿಂದ. ನಾನು ಗೊತ್ತಿಲ್ಲದೆ ಒಂದು ಮನೆಯನ್ನ ಎರಡು ಪಾಲು ಮಾಡಿದ್ದೆ! ಕೇಬಲ್ಲನ್ನ ಹೊಸ ರೌಟರ್‌ನ ವ್ಯಾನ್ ಪೋರ್ಟ್‌ಗೆ ಚುಚ್ಚಿದ್ದರಿಂದ ಅದು ತನ್ನದೇ ಬೇರೆ ನೆಟ್‌ವರ್ಕ್ ಮಾಡಿಕೊಂಡು, ತಾನೇ ಅಡ್ರೆಸ್ ಹಂಚ್ತಾ ಕೂತಿತ್ತು. ಒಂದು ಮನೆಗೆ ಅಡ್ರೆಸ್ ಹಂಚೋರು ಒಬ್ಬರೇ ಇರಬೇಕು. ಹೊಸ ರೌಟರ್‌ನ ಸೆಟ್ಟಿಂಗ್‌ನಲ್ಲಿ 'ಆ್ಯಕ್ಸೆಸ್ ಪಾಯಿಂಟ್ ಮೋಡ್' ಆರಿಸಿದೆ, ಅಷ್ಟೇ. ಆ ಆಯ್ಕೆ ಇಲ್ಲದ ಹಳೇ ರೌಟರ್ ಆದರೆ, ಮೊದಲು ಅದರ ಅಡ್ರೆಸ್ಸನ್ನ 192.168.1.2 ಥರ ಬೇರೆ ಮಾಡಿ, ಡಿಎಚ್‌ಸಿಪಿ ಆಫ್ ಮಾಡಿ, ಕೇಬಲ್ಲನ್ನ ಲ್ಯಾನ್ ಪೋರ್ಟ್‌ಗೇ ಹಾಕಬೇಕು. ಆಮೇಲೆ ವೈರ್‌ನಲ್ಲಿರೋ ಡೆಸ್ಕ್‌ಟಾಪ್, ವೈಫೈಯಲ್ಲಿರೋ ಫೋನ್, ಪ್ರಿಂಟರ್ ಎಲ್ಲ ಒಂದೇ ಮನೆಯವರು.

ಇಲ್ಲಿ ನನಗೆ ಹೊಳೆದ ಒಂದು ವಿಷಯ ಹೇಳಲೇಬೇಕು. ಮನೆಯ ನೆಟ್‌ವರ್ಕ್ ಬೇರೆ, ಇಂಟರ್ನೆಟ್ ಬೇರೆ. ಇದು ನಮ್ಮಲ್ಲಿ ಎಷ್ಟೋ ಜನರಿಗೆ, ಇಂಜಿನಿಯರಿಂಗ್ ಓದ್ತಿರೋರಿಗೂ, ಗೊತ್ತಿಲ್ಲ. ಅಕ್ಕ ಮಹಡಿಯಿಂದ ಹಾಲ್‌ನ ಡೆಸ್ಕ್‌ಟಾಪ್‌ಗೆ ಒಂದು ಪಿಡಿಎಫ್ ಕಳಿಸಬೇಕಾದರೆ ಅಪ್ಪನಿಗೆ ಮೇಲ್ ಮಾಡ್ತಿದ್ದಳು. ಇಪ್ಪತ್ತು ಅಡಿ ಕೆಳಗೆ ಇಳಿಯಬೇಕಾದ ಫೈಲು ಎಲ್ಲೋ ಇರೋ ಸರ್ವರ್‌ಗೆ ಹೋಗಿ, ಊರೆಲ್ಲ ಸುತ್ತಿ ವಾಪಸ್ ಬರೋದು. ಪಾಪುವಿನ ಫೋಟೋಗಳದ್ದೂ ಅದೇ ಕಥೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಕ್ವಾಲಿಟಿ ಹಾಳು. ಈಗ ಡೆಸ್ಕ್‌ಟಾಪ್‌ನಲ್ಲಿ ಒಂದು ಫೋಲ್ಡರ್ ಶೇರ್ ಮಾಡಿ, ಪಾಸ್‌ವರ್ಡ್ ಇಟ್ಟಿದ್ದೀನಿ. ಅಕ್ಕ ತನ್ನ ಸ್ವಂತ ಹಳೇ ಲ್ಯಾಪ್‌ಟಾಪ್‌ನಲ್ಲಿದ್ದ 40 ಜಿಬಿ ಫೋಟೋವನ್ನ ವೈರ್‌ನಲ್ಲಿ ಕಾಪಿ ಮಾಡಿದಳು. ಗಿಗಾಬಿಟ್‌ನಲ್ಲಿ ಇಷ್ಟಕ್ಕೆ ಲೆಕ್ಕದ ಪ್ರಕಾರ ಆರು ನಿಮಿಷ, ನನ್ನ ಮೊದಲಿನ ಕೆಟ್ಟ ಕ್ರಿಂಪಿಂಗ್‌ನಲ್ಲಾದರೆ ಹೆಚ್ಚುಕಮ್ಮಿ ಒಂದು ಗಂಟೆ. ಡಿಸ್ಕ್ ಹಳೇದಾದ್ದರಿಂದ ನಮಗೆ ಹತ್ತು ನಿಮಿಷ ಹಿಡೀತು. ಈ ಕೆಲಸಕ್ಕೆ ಇಂಟರ್ನೆಟ್ ಪ್ಲ್ಯಾನ್ ಯಾವುದಾದರೇನು? ಬಿಲ್ ಕಟ್ಟದೆ ನೆಟ್ ಕಟ್ ಆದ ದಿನವೂ ಪ್ರಿಂಟ್ ಬರುತ್ತೆ, ಫೋಟೋ ಕಾಪಿ ಆಗುತ್ತೆ. ನಮ್ಮ ಮನೆಯೊಳಗಿನ ರಸ್ತೆಗೆ ಯಾರಿಗೂ ಟೋಲ್ ಕಟ್ಟಬೇಕಿಲ್ಲ.

ಖರ್ಚಿನ ಲೆಕ್ಕ: 25 ಮೀಟರ್ ಕೇಬಲ್, ಕನೆಕ್ಟರ್‌ಗಳು, ಮಹಡಿಗೆ ಒಂದು ರೌಟರ್, ಅಕ್ಕನ ಲ್ಯಾಪ್‌ಟಾಪ್‌ಗೆ ಅಡಾಪ್ಟರ್, ಎಲ್ಲ ಸೇರಿ ನಮಗೆ ಮೂರೂವರೆ ಸಾವಿರದ ಹತ್ತಿರ ಆಯ್ತು. ಕ್ರಿಂಪಿಂಗ್ ಟೂಲನ್ನ ಅಟೆಂಡರ್ ಅಣ್ಣನೇ ಕೊಟ್ಟಿದ್ದರು. ಪ್ಲ್ಯಾನ್ ಮತ್ತೆ 100ಕ್ಕೆ ಇಳಿಸಿದೆವು. ತಿಂಗಳಿಗೆ 300 ಉಳಿದರೆ ಒಂದು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್. ಕೇಬಲ್ ತಗೊಳ್ಳುವಾಗ ಒಂದು ಎಚ್ಚರ: ತೀರಾ ಅಗ್ಗಕ್ಕೆ ಸಿಗೋ ಕೆಲವು ಕೇಬಲ್‌ಗಳಲ್ಲಿ ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ ಮಾತ್ರ. ಬಗ್ಗಿಸಿದರೆ ಮುರಿಯುತ್ತೆ. 'ಪ್ಯೂರ್ ಕಾಪರ್' ಅಂತ ಕೇಳಿಯೇ ತಗೊಳ್ಳಿ.

ಇದಕ್ಕೆ ಎದುರು ಮಾತುಗಳಿವೆ, ನನಗೂ ಗೊತ್ತು. ಒಂದು, "ಎಕ್ಸ್‌ಟೆಂಡರ್ ಇದೆಯಲ್ಲ, ಮೆಶ್ ಇದೆಯಲ್ಲ." ಅಗ್ಗದ ಎಕ್ಸ್‌ಟೆಂಡರ್ ಒಂದೇ ರೇಡಿಯೊದಲ್ಲಿ ಕೇಳಿ ಅದರಲ್ಲೇ ಮತ್ತೆ ಹೇಳಬೇಕು. ಒಂದೇ ಮಾತನ್ನ ಎರಡು ಸಲ ಹೇಳಿದ ಹಾಗೆ, ಸ್ಪೀಡ್ ಅರ್ಧಕ್ಕೆ ಇಳಿಯುತ್ತೆ. ಮೆಶ್ ಒಳ್ಳೆಯದೇ. ಆದರೆ ಮೆಶ್ ಡಬ್ಬಗಳನ್ನೂ ಸಾಧ್ಯವಾದಲ್ಲಿ ಪರಸ್ಪರ ವೈರ್‌ನಲ್ಲಿ ಜೋಡಿಸಿದರೇ ಅವು ಚೆನ್ನಾಗಿ ಕೆಲಸ ಮಾಡೋದು. ಎರಡು, "ನಮ್ಮದು ಬಾಡಿಗೆ ಮನೆ, ಓನರ್ ಒಂದು ಮೊಳೆ ಹೊಡೆಯೋಕೂ ಬಿಡಲ್ಲ." ಇದು ನಿಜವಾದ ಕಷ್ಟ. ಅಲ್ಲಿ ಚಪ್ಪಟೆ ಕೇಬಲ್ ತಂದು ಗೋಡೆಯ ಬುಡದಲ್ಲಿ, ಬಾಗಿಲ ಚೌಕಟ್ಟಿನ ಸುತ್ತ ಅಂಟಿಸಿಕೊಂಡು ಹೋಗಬಹುದು, ಬಿಡುವಾಗ ಕಿತ್ತುಕೊಂಡು ಹೋಗಬಹುದು. ಅದೂ ಆಗದಿದ್ದರೆ, ಕನಿಷ್ಠ ರೌಟರನ್ನ ಶೋಕೇಸ್‌ನಿಂದ ಹೊರಗೆ ತೆಗೆದು ಮನೆ ಮಧ್ಯೆ, ಎತ್ತರದಲ್ಲಿ ಇಡಿ. ಎಷ್ಟೋ ಮನೆಗಳಿಗೆ ಅಷ್ಟೇ ಸಾಕಾಗಬಹುದು. ಮೂರು, "ವೈರ್ ನೋಡೋಕೆ ಚೆನ್ನಾಗಿರಲ್ಲ." ಮೆಟ್ಟಿಲ ಮೇಲೆ ಕೂತು ಕೆಲಸ ಮಾಡೋ ಅಕ್ಕ ನೋಡೋಕೆ ಚೆನ್ನಾಗಿರ್ತಾಳಾ?

ಮಲೆನಾಡು, ಕರಾವಳಿ ಕಡೆಯ ಗೆಳೆಯರಿಗೆ ಒಂದು ಮಾತು ಬೇರೆ ಹೇಳಬೇಕು. ನಿಮ್ಮ ಮನೆಯಿಂದ ಅಂಗಳದಾಚೆ ಇರೋ ಇನ್ನೊಂದು ಕಟ್ಟಡಕ್ಕೆ ತಾಮ್ರದ ಕೇಬಲ್ ಹೊರಗೆ ಎಳೀಬೇಡಿ. ಗುಡುಗು ಮಿಂಚಿನ ದಿನ ಆ ತಂತಿಯೇ ಮನೆಯೊಳಗಿನ ಸಾಮಾನನ್ನೆಲ್ಲ ಸುಟ್ಟುಹಾಕಬಹುದು. ಎರಡು ಕಟ್ಟಡಗಳ ನಡುವೆ ಫೈಬರ್ರೇ ಸರಿ. ಅದು ಗಾಜು, ಕರೆಂಟ್ ಹರಿಯಲ್ಲ. ಇನ್ನು ಕರೆಂಟ್ ಹೋಗೋದು ಎಲ್ಲ ಊರಿನ ಕಷ್ಟ. ಮನೆಯ ರೌಟರ್‌ಗಳು ಸಾಮಾನ್ಯವಾಗಿ 12 ವೋಲ್ಟ್‌ನಲ್ಲಿ ಓಡೋದು. ಅದಕ್ಕೆ ಅಂತಲೇ ಅಂಗೈ ಅಗಲದ ಯುಪಿಎಸ್ ಸಿಗುತ್ತೆ. ನಾವು ಕೆಳಗಿನದಕ್ಕೂ ಮೇಲಿನದಕ್ಕೂ ಇನ್ವರ್ಟರ್ ಲೈನ್‌ನಿಂದಲೇ ಪ್ಲಗ್ ಕೊಟ್ಟೆವು. ಒಂದಕ್ಕೆ ಕೊಟ್ಟು ಇನ್ನೊಂದನ್ನ ಮರೆತರೆ ಪ್ರಯೋಜನ ಇಲ್ಲ.

ಇಷ್ಟೆಲ್ಲ ಮಾಡುವಾಗ ರೌಟರ್‌ನ ಒಳಗೆ ಹೋಗಿ ನೋಡಿದರೆ ಅಡ್ಮಿನ್ ಪಾಸ್‌ವರ್ಡ್ ಡಬ್ಬದ ಹಿಂದೆ ಬರೆದಿರೋದೇ ಇತ್ತು, ವೈಫೈ ಪಾಸ್‌ವರ್ಡ್ ಅಪ್ಪನ ಮೊಬೈಲ್ ನಂಬರ್. ಇಡೀ ಬೀದಿಗೆ ಗೊತ್ತಿರೋ ನಂಬರ್! 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ ಹೀಗೆ ಫ್ಯಾಕ್ಟರಿ ಪಾಸ್‌ವರ್ಡ್ ಬದಲಾಯಿಸದೆ ಬಿಟ್ಟಿದ್ದ ಕ್ಯಾಮೆರಾ, ರೌಟರ್‌ಗಳನ್ನ ವಶ ಮಾಡಿಕೊಂಡು, ಅವುಗಳನ್ನೇ ಸೈನ್ಯ ಮಾಡಿ ದೊಡ್ಡ ದೊಡ್ಡ ವೆಬ್‌ಸೈಟ್‌ಗಳು ತೆರೆಯದ ಹಾಗೆ ಮಾಡಿತ್ತು. ಯಾರದೋ ಮನೆಯ ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಡಬ್ಬಗಳು ಅವು. ಎರಡೂ ಪಾಸ್‌ವರ್ಡ್ ಬದಲಾಯಿಸಿ, ಡಬ್ಲ್ಯೂಪಿಎ2 ಅಥವಾ 3 ಆರಿಸಿ, ಡಬ್ಲ್ಯೂಪಿಎಸ್ ಆಫ್ ಮಾಡಿ, ಬಂದು ಹೋಗೋರಿಗೆ ಗೆಸ್ಟ್ ನೆಟ್‌ವರ್ಕ್ ಕೊಡಿ. ಇದಕ್ಕೆ ಹತ್ತು ನಿಮಿಷ ಸಾಕು.

ಈಗ ನನ್ನ ನಿಜವಾದ ದೂರು. ನಮ್ಮ ಊರುಗಳಲ್ಲಿ ದಿನಾ ಮನೆ ಏಳ್ತಾ ಇವೆ. ಲೈಟ್ ಪಾಯಿಂಟ್ ಎಲ್ಲಿ, ಎಸಿ ಪಾಯಿಂಟ್ ಎಲ್ಲಿ, ಗೀಸರ್ ಎಲ್ಲಿ ಅಂತ ತಿಂಗಳುಗಟ್ಟಲೆ ಚರ್ಚೆ ನಡೆಯುತ್ತೆ. ಮೋಲ್ಡ್ ಹಾಕೋ ಮುಂಚೆ ಕಂಬಿ ಮಧ್ಯೆ ಪೈಪ್ ಇಡ್ತಾರೆ. ಅದೇ ಹೊತ್ತಿಗೆ ಪ್ರತಿ ರೂಮಿಗೂ ಇನ್ನೊಂದು ಒಂದಿಂಚಿನ ಖಾಲಿ ಪೈಪ್ ಇಡಿ ಅಂತ ಮೇಸ್ತ್ರಿಗೆ ಹೇಳೋರೇ ಇಲ್ಲ. ಲಕ್ಷಗಟ್ಟಲೆ ಸುರಿಯೋ ಮನೆಯಲ್ಲಿ ಆ ಪೈಪಿನ ಖರ್ಚು ಲೆಕ್ಕಕ್ಕೇ ಬರಲ್ಲ. ಆಮೇಲೆ ಗೋಡೆ ಒಡೆಯೋದು ಮಾತ್ರ ಲೆಕ್ಕಕ್ಕೆ ಬರುತ್ತೆ. ಯಾರು ಹೇಳಬೇಕಿತ್ತು? ಎಲೆಕ್ಟ್ರಿಷಿಯನ್‌ಗೆ ಯಾರೂ ಕೇಳಿಲ್ಲ, ಆರ್ಕಿಟೆಕ್ಟ್ ಎಲ್ಲ ಮನೆಗೂ ಇರಲ್ಲ. ಆದರೆ ಬೀದಿಗೊಬ್ಬರು ಇಂಜಿನಿಯರಿಂಗ್ ಓದೋರು ಖಂಡಿತ ಇದ್ದಾರೆ. ನಾವೇ ಹೇಳಬೇಕಿತ್ತು. ಕೈ ಕೊಳಕಾಗೋ ಕೆಲಸ ನಮ್ಮದಲ್ಲ, ನಮ್ಮದು ಕೋಡಿಂಗು ಅನ್ನೋ ಒಂದು ಜಂಬ ನಮಗೆ ಇದೆ. ನನಗೂ ಇತ್ತು. ಸ್ಕ್ರೂಡ್ರೈವರ್ ಹಿಡಿಯೋದು ಕೀಳು, ಸ್ಕ್ರೀನ್ ಮುಂದೆ ಕೂರೋದು ಮೇಲು ಅಂತ ಯಾರು ಕಲಿಸಿದರೋ ಗೊತ್ತಿಲ್ಲ. ನಾವು ಬರೆಯೋ ಕೋಡೆಲ್ಲ ಕೊನೆಗೆ ಯಾರೋ ಒತ್ತಿದ ಒಂದು ನೀಲಿ ತಂತಿಯ ಮೇಲೇ ಓಡೋದು.

ಅಕ್ಕ ಆಮೇಲಿನ ಸೋಮವಾರ ತನ್ನ ರೂಮಿನ ಟೇಬಲ್‌ನಲ್ಲಿ ಕೂತು ಒಂದು ಗಂಟೆಯ ಮೀಟಿಂಗ್ ಮುಗಿಸಿದಳು. ಅಜ್ಜಿ ಕೆಳಗೆ ಧಾರಾವಾಹಿ ನೋಡ್ತಾನೇ ಇದ್ದರು. ಮ್ಯಾನೇಜರ್ ಮತ್ತೆ ಆ ವಿಷಯ ಎತ್ತಲಿಲ್ಲ. ಮೂರು ತಿಂಗಳೂ ಅವಳು ತುಮಕೂರಲ್ಲೇ ಇದ್ದಳು. ಪಾಪು ಅಂಬೆಗಾಲಿಟ್ಟಿದ್ದು ನಮ್ಮ ಹಾಲ್‌ನಲ್ಲೇ. ಅಂಬೆಗಾಲಿಟ್ಟು ಮೊದಲು ಹೋಗಿದ್ದು ಎಲ್ಲಿಗೆ ಗೊತ್ತಾ? ರೌಟರ್ ವೈರ್ ಎಳೆಯೋಕೆ. ಈಗ ಅದಕ್ಕೊಂದು ಪಟ್ಟಿ ಹೊಡೆದಿದ್ದೀವಿ.

ಮುಂದಿನ ಸಲ ಊರಿಗೆ ಹೋದಾಗ ಮೂರು ಕೆಲಸ ಮಾಡಿ ನೋಡಿ. ನೆಟ್ ಸರಿ ಇಲ್ಲದ ರೂಮಿನಲ್ಲಿ ಕೂತು ನಿಮ್ಮ ಮನೆಯ ರೌಟರ್‌ಗೇ ಪಿಂಗ್ ಮಾಡಿ, ತಪ್ಪು ಒಳಗಿದೆಯಾ ಹೊರಗಿದೆಯಾ ಗೊತ್ತಾಗುತ್ತೆ. ಟಿವಿ, ಡೆಸ್ಕ್‌ಟಾಪ್ ಥರ ನಿಂತಲ್ಲೇ ನಿಂತಿರೋ ಒಂದಾದರೂ ವಸ್ತುವಿಗೆ ವೈರ್ ಕೊಡಿ, ಅಷ್ಟರಮಟ್ಟಿಗೆ ಉಳಿದವರ ಗಾಳಿ ಖಾಲಿ ಆಗುತ್ತೆ. ನಿಮ್ಮ ನೆಂಟರಲ್ಲಿ ಯಾರಾದರೂ ಮನೆ ಕಟ್ಟಿಸ್ತಿದ್ದರೆ, ಮೋಲ್ಡ್ ಹಾಕೋ ಮುಂಚೆ ಹೋಗಿ ಆ ಒಂದು ಪೈಪಿನ ವಿಷಯ ಹೇಳಿ ಬನ್ನಿ. ಕ್ರಿಂಪಿಂಗ್ ಬರದಿದ್ದರೆ ಲ್ಯಾಬ್‌ಗೆ ಬನ್ನಿ, ಅಟೆಂಡರ್ ಅಣ್ಣ ಕಲಿಸ್ತಾರೆ. ಕಾಫಿ ಮಾತ್ರ ನೀವೇ ಕೊಡಿಸಬೇಕು.